ಎಳೆದಾಗ ಕಾಂಕ್ರೀಟಿನಲ್ಲಿ ಬಿರುಕು ಎಲ್ಲಿ ಬರುತ್ತೆ ಅಂತ ಮೊದಲೇ ಹೇಳಬಹುದಾ?

ಸಿವಿಲ್ ಹುಡುಗ, ಕಲಬುರಗಿ:
ನಮಸ್ಕಾರ ಎಲ್ಲರಿಗೂ. ಸಿವಿಲ್ ಕೊನೆಯ ವರ್ಷ ಓದ್ತಾ ಇದ್ದೇನೆ. ಪ್ರಾಜೆಕ್ಟಿಗೆ 100 ಮಿ.ಮೀ. ಚೌಕದ, 1 ಮೀಟರ್ ಉದ್ದದ ಎಂ25 ದರ್ಜೆಯ ಕಾಂಕ್ರೀಟ್ ತುಂಡಿನ ನಡುವೆ 16 ಮಿ.ಮೀ. ರಾಡ್ ಒಂದನ್ನೇ ಹಾಕಿ, ರಾಡಿನ ಎರಡೂ ತುದಿ ಹಿಡಿದು ಎಳೆದೆವು. ಮೊದಲ ಬಿರುಕು 19 ಕಿಲೋನ್ಯೂಟನ್ ಹತ್ತಿರ ಬಂತು. ಆಮೇಲೆ ಅಲ್ಲೊಂದು ಇಲ್ಲೊಂದು ಬಂದು ಕೊನೆಗೆ ಆರಕ್ಕೆ ನಿಂತವು. ಆದರೆ ಕಂಪ್ಯೂಟರ್ ಮಾಡೆಲ್‌ನಲ್ಲಿ 25 ಕಿಲೋನ್ಯೂಟನ್‌ವರೆಗೆ ಏನೂ ಆಗಲ್ಲ, ಅಲ್ಲಿಗೆ ಬಂದ ಕೂಡಲೇ ನಡುಭಾಗದ ಎಲಿಮೆಂಟ್‌ಗಳೆಲ್ಲ (ಲೆಕ್ಕಕ್ಕೆ ಮಾಡಿಕೊಂಡ ಸಣ್ಣ ಹೋಳುಗಳು) ಒಟ್ಟಿಗೇ ಒಡೆಯುತ್ತವೆ. ಮೆಶ್, ಅಂದರೆ ಆ ಹೋಳುಗಳ ಜಾಲ, ಸಣ್ಣದು ಮಾಡಿದರೂ ಅಷ್ಟೇ. ಎಲ್ಲಿ ತಪ್ಪಿದೆ?

ಡಿಸೈನ್ ಅಣ್ಣ, ಬೀದರ್:
ತಮ್ಮಾ, ಎಲ್ಲ ಎಲಿಮೆಂಟಿಗೂ ಒಂದೇ ಬಲ ಕೊಟ್ಟಿದ್ದೀಯ, ಅಲ್ವಾ? ನಡುಭಾಗದಲ್ಲಿ ಒತ್ತಡವೂ ಎಲ್ಲ ಕಡೆ ಒಂದೇ. ಹಾಗಿದ್ದಾಗ ಒಂದು ಮೊದಲು, ಇನ್ನೊಂದು ಆಮೇಲೆ ಒಡೆಯೋಕೆ ಕಾರಣವೇ ಇಲ್ಲ. ನಿಜವಾದ ಕಾಂಕ್ರೀಟ್ ಹಾಗಿರಲ್ಲ, ಒಂದು ಕಡೆ ಜಲ್ಲಿ ಜಾಸ್ತಿ, ಇನ್ನೊಂದು ಕಡೆ ಗಾಳಿಗುಳ್ಳೆ. ಪ್ರತಿ ಎಲಿಮೆಂಟಿನ ಬಲವನ್ನು ಶೇ. 10ರಷ್ಟು ಹಿಂದೆಮುಂದೆ ಮಾಡಿ ಹಂಚು, ಮತ್ತೆ ಮತ್ತೆ ಬೇರೆ ಹಂಚಿಕೆಯಲ್ಲಿ ಓಡಿಸು. ಬಿರುಕಿನ ಜಾಗ ಪ್ರತಿ ಸಲ ಬದಲಾಗುತ್ತೆ, ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ನೀನು ಊಹಿಸಬೇಕಾದ್ದು ಆ ಅಂತರವನ್ನು.

ಅಂತರ ನಿರ್ಧಾರ ಮಾಡೋದು ಬಾಂಡ್, ಅಂದರೆ ರಾಡಿಗೂ ಕಾಂಕ್ರೀಟಿಗೂ ನಡುವಿನ ಹಿಡಿತ. ಕಾಂಕ್ರೀಟಿನ ಎಳೆತದ ಬಲ ಪ್ರತಿ ಚದರ ಮಿ.ಮೀ.ಗೆ 2.2 ನ್ಯೂಟನ್ ಅಂತ ಇಟ್ಟುಕೋ. ಬಿರುಕಿನ ಮುಂಚೆ ರಾಡಿನಲ್ಲಿ ಪ್ರತಿ ಚದರ ಮಿ.ಮೀ.ಗೆ ಬರೀ 18 ನ್ಯೂಟನ್ ಇರುತ್ತೆ. ಬಿರುಕು ಬಿಟ್ಟ ಕ್ಷಣ ಆ ಜಾಗದಲ್ಲಿ ಪೂರ್ತಿ ಭಾರ ರಾಡಿನ ಮೇಲೆ ಬಿದ್ದು 125ಕ್ಕೆ ಹಾರುತ್ತೆ. ಅಲ್ಲಿಂದ ರಾಡಿನ ಮೇಲಿನ ಉಬ್ಬುಗೆರೆಗಳು ಸ್ವಲ್ಪ ಸ್ವಲ್ಪವೇ ಭಾರವನ್ನು ಮತ್ತೆ ಕಾಂಕ್ರೀಟಿಗೆ ದಾಟಿಸಬೇಕು. ಅದಕ್ಕೆ ಬೇಕಾದ ಉದ್ದ ಅಂದರೆ ರಾಡಿನ ವ್ಯಾಸವನ್ನು ಸ್ಟೀಲಿನ ಅನುಪಾತದ (ತುಂಡಿನ ಅಡ್ಡಕೊಯ್ತದಲ್ಲಿ ಸ್ಟೀಲಿನ ಪಾಲು, ಇಲ್ಲಿ 0.02) 7.2 ಪಟ್ಟಿನಿಂದ ಭಾಗಿಸಿದಷ್ಟು. ನಿನ್ನ ತುಂಡಿಗೆ ಸುಮಾರು 110 ಮಿ.ಮೀ. ಅಷ್ಟರೊಳಗೆ ಇನ್ನೊಂದು ಬಿರುಕು ಬರಲ್ಲ, 220ಕ್ಕಿಂತ ಜಾಸ್ತಿ ಜಾಗ ಖಾಲಿ ಉಳಿಯಲ್ಲ. ಹಾಗಾಗಿ ಆರು ಬಂದದ್ದು ಸರಿಯಾಗಿಯೇ ಇದೆ. ಮಾಡೆಲ್‌ನಲ್ಲಿ ರಾಡನ್ನು ಕಾಂಕ್ರೀಟಿಗೆ ಗಟ್ಟಿಯಾಗಿ ಅಂಟಿಸಿದ್ದರೆ ಈ ಉದ್ದವೇ ಸಿಗಲ್ಲ, ನಡುವೆ ಜಾರೋ ಪದರ ಕೊಡು. ಒಡೆದ ಮೇಲೆ ಕಾಂಕ್ರೀಟಿನ ಬಲ ಇಳಿಯೋದನ್ನೂ ಬಿರುಕು ತೆರೆಯೋಕೆ ಬೇಕಾಗುವ ಶಕ್ತಿಯ ಲೆಕ್ಕದಲ್ಲೇ ಕೊಡಬೇಕು, 1976ರಲ್ಲಿ ಸ್ವೀಡನ್ನಿನ ಸಂಶೋಧಕ ಹಿಲರ್‌ಬೋರ್ಗ್ ತಂಡ ತೋರಿಸಿದ ದಾರಿ. ಇಲ್ಲಾಂದ್ರೆ ಮೆಶ್ ಬದಲಿಸಿದಾಗೆಲ್ಲ ಉತ್ತರ ಬದಲಾಗುತ್ತೆ.

ಸಿವಿಲ್ ಹುಡುಗ, ಕಲಬುರಗಿ:
ತುಂಬಾ ಥ್ಯಾಂಕ್ಸ್ ಅಣ್ಣಾ. ಆದರೆ ಮಾಡೆಲ್ 25 ಹೇಳುತ್ತೆ, ಲ್ಯಾಬ್ 19 ಹೇಳುತ್ತೆ. ಬರೀ ಬಲದ ಏರುಪೇರಿನಿಂದ ಇಷ್ಟು ಕಡಿಮೆ ಆಗುತ್ತಾ?

ಸೈಟ್ ಇಂಜಿನಿಯರ್, ಯಾದಗಿರಿ:
ಒಣಗುವಾಗಿನ ಕುಗ್ಗುವಿಕೆ ಸೇರಿಸಿದ್ದೀರಾ? ಕಾಂಕ್ರೀಟ್ ಕುಗ್ಗೋಕೆ ಹೋಗುತ್ತೆ, ರಾಡ್ ಬಿಡಲ್ಲ, ಎಳೆಯೋಕೆ ಮುಂಚೆಯೇ ಒಳಗೆ ಎಳೆತ ಹುಟ್ಟಿರುತ್ತೆ. ಮೀಟರಿಗೆ 0.15 ಮಿ.ಮೀ. ಕುಗ್ಗಿದರೂ ನಿಮ್ಮ ತುಂಡಿನಲ್ಲಿ ಅರ್ಧ ನ್ಯೂಟನ್ ಮೊದಲೇ ಖರ್ಚು. ಕಳೆದು ನೋಡಿ, 19 ಬರುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಅಚ್ಚು ಬಿಚ್ಚಿ ಒದ್ದೆ ಗೋಣಿ ಸುತ್ತದೆ ಬಿಟ್ಟರೆ ಇನ್ನೂ ಜಾಸ್ತಿ.

ದುಂಡನೆಯ ನೀರಿನ ಟ್ಯಾಂಕ್ ಗೋಡೆ ಕೂಡ ನಿಮ್ಮ ತುಂಡಿನಂತೆಯೇ ಎಳೆತದಲ್ಲಿರುತ್ತೆ. 8 ಮೀಟರ್ ಅಗಲ, 3 ಮೀಟರ್ ನೀರು ಅಂದರೆ ಹೆಚ್ಚೆಂದರೆ ಮೀಟರಿಗೆ 120 ಕಿಲೋನ್ಯೂಟನ್. 150 ಮಿ.ಮೀ. ಗೋಡೆಯಲ್ಲಿ ಕಾಂಕ್ರೀಟಿಗೆ 0.8 ನ್ಯೂಟನ್ ಕೂಡ ಬರಲ್ಲ. ಆದರೂ ಎಷ್ಟೋ ಟ್ಯಾಂಕಿಗೆ ನೀರು ಬಿಡೋ ಮುಂಚೆಯೇ ಬುಡದಿಂದ ನೆಟ್ಟಗೆ ಬಿರುಕು ಏಳುತ್ತೆ, ಯಾಕಂದ್ರೆ ಮೊದಲೇ ಗಟ್ಟಿಯಾದ ತಳ ಗೋಡೆಯನ್ನು ಕುಗ್ಗೋಕೆ ಬಿಡಲ್ಲ. ಅದಕ್ಕೇ ನೀರಿನ ಎಳೆತಕ್ಕೆ ಸ್ಟೀಲ್ ಸಾಕು ಅಂತ ಸುಮ್ನೆ ಇರಬಾರದು.

ಡಿಸೈನ್ ಅಣ್ಣ, ಬೀದರ್:
ಸರಿಯಾಗಿ ಹೇಳಿದ್ರಿ ಸರ್. ತಮ್ಮಾ, ಸಮಯ ಇದ್ದರೆ ಒಂದು 16ರ ಬದಲು ನಾಲ್ಕು 8 ಮಿ.ಮೀ. ರಾಡ್ ಹಾಕಿ ಇನ್ನೊಂದು ತುಂಡು ಎಳೆದು ನೋಡು. ಸ್ಟೀಲ್ ಅಷ್ಟೇ, 201 ಚದರ ಮಿ.ಮೀ., ಆದರೆ ಭಾರ ದಾಟಿಸೋಕೆ ಬೇಕಾದ ಆ ಉದ್ದ ಲೆಕ್ಕದಲ್ಲಿ 110ರಿಂದ 55 ಮಿ.ಮೀ.ಗೆ ಇಳಿಯುತ್ತೆ. ಬಿರುಕು ಜಾಸ್ತಿ ಬರುತ್ತವೆ, ಒಂದೊಂದೂ ಸಣ್ಣದಾಗಿರುತ್ತೆ. ನೀರಿನ ಟ್ಯಾಂಕಿಗೆ ಬೇಕಾಗಿರೋದೂ ಅದೇ, ನೀರಿನ ಟ್ಯಾಂಕುಗಳ ಭಾರತೀಯ ಮಾನಕ ಐಎಸ್ 3370 ಅಲ್ಲಿ ಬಿಡೋದು 0.2 ಮಿ.ಮೀ. ಅಗಲ ಮಾತ್ರ.