ಉಬ್ಬುಗಲ್ಲೋ, ಹಾಸುಗಲ್ಲೋ? ಪ್ಯಾರಿಸ್–ರೂಬೆ ಸೈಕಲ್ ರೇಸಿನ ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಫ್ರೆಂಚರು 'ಪಾವೆ' ಎನ್ನುವ ಕಲ್ಲುದಾರಿಗೆ ಕನ್ನಡದಲ್ಲಿ ಏನೆನ್ನಬೇಕು? ಹದಿನೈದು ದಿನದಿಂದ ಈ ಪದದ ಹಿಂದೆಯೇ ಇದ್ದೇನೆ. ಜೊತೆಗೆ ಇನ್ನೂ ಮೂರ್ನಾಲ್ಕು ಪದಗಳಿವೆ. ಎಲ್ಲವೂ ಒಂದೇ ಬರಹದಲ್ಲಿ ಎದುರಾದವು, ಹಾಗಾಗಿ ಒಟ್ಟಿಗೇ ಕೇಳುತ್ತಿದ್ದೇನೆ.

ನಮ್ಮದೊಂದು ಭಾನುವಾರದ ಸೈಕಲ್ ಗುಂಪಿದೆ. ಅವರಿಗಾಗಿ ಪ್ಯಾರಿಸ್–ರೂಬೆ ರೇಸಿನ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ 'ಹಾಸುಗಲ್ಲಿನ ದಾರಿ' ಎಂದು ಬರೆದಿದ್ದೆ. ಗುಂಪಿನ ಹಿರಿಯರೊಬ್ಬರು ಓದಿ, "ಹಾಸುಗಲ್ಲು ಅಂದ್ರೆ ದೇವಸ್ಥಾನದ ಅಂಗಳದಲ್ಲಿ ಇರುತ್ತಲ್ಲ, ಅದೇ ತಾನೇ? ಅದರ ಮೇಲೆ ಸೈಕಲ್ ಸಲೀಸಾಗಿ ಹೋಗುತ್ತೆ. ಅದಕ್ಕ್ಯಾಕೆ ಟೈರಿನ ಗಾಳಿ ಇಳಿಸಬೇಕು?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಒಂದು ಪದ ತಪ್ಪಿದ್ದರಿಂದ ಮುಂದಿನ ಮೂರು ಪುಟ ಅವರಿಗೆ ಅರ್ಥವಾಗಿರಲಿಲ್ಲ.

ಮೊದಲು ಈ ದಾರಿ ಹೇಗಿದೆ ಎಂದು ಹೇಳಿಬಿಡುತ್ತೇನೆ. ಉತ್ತರ ಫ್ರಾನ್ಸಿನಲ್ಲಿ, ಬೆಲ್ಜಿಯಂ ಗಡಿಯ ಹತ್ತಿರ, ಹೊಲಗಳ ನಡುವೆ ಹಾಯುವ ಹಳೆಯ ಗಾಡಿದಾರಿಗಳಿವು. ರೇಸ್ ಶುರುವಾದದ್ದು 1896ರಲ್ಲಿ. ಹೆಸರಿನಲ್ಲಿ ಪ್ಯಾರಿಸ್ ಇದ್ದರೂ ಈಗ ಹೊರಡುವುದು ಕಾಂಪಿಯೆನ್ ಎಂಬ ಊರಿನಿಂದ, ಮುಗಿಯುವುದು ರೂಬೆ ಎಂಬ ಊರಿನಲ್ಲಿ. 2025ರಲ್ಲಿ ಒಟ್ಟು ದೂರ 259 ಕಿ.ಮೀ. ಇತ್ತು. ಅದರಲ್ಲಿ ಸುಮಾರು 55 ಕಿ.ಮೀ. ಕಲ್ಲುದಾರಿ, ಅದೂ 30 ತುಂಡುಗಳಾಗಿ. ಕಲ್ಲುಗಳು ತಲೆ ಸವೆದು ಗುಂಡಗಾಗಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಂದು. ಕೆಲವು ಕಡೆ ಟೈರೇ ಸಿಕ್ಕಿಕೊಳ್ಳುವಷ್ಟು ಅಗಲದ ಸಂದು. ಗಾಡಿ, ಟ್ರಾಕ್ಟರ್ ಓಡಿ ಓಡಿ ಎರಡು ಪಕ್ಕ ತಗ್ಗಿವೆ, ನಡುಭಾಗ ಎದ್ದು ನಿಂತಿದೆ. ಮಳೆ ಬಂದರೆ ಕೆಸರು, ಬಿಸಿಲಿದ್ದರೆ ಧೂಳು.

ಈಗ ಪದಕ್ಕೆ ಬರೋಣ.

'ಹಾಸು' ಎಂದ ಕೂಡಲೇ ಚಾಪೆ, ಹಾಸಿಗೆ ನೆನಪಾಗುತ್ತವೆ. ಹಾಸಿದ್ದು ಸಮವಾಗಿರಬೇಕು ಎಂದು ಕಿವಿ ತಾನೇ ಅಂದುಕೊಳ್ಳುತ್ತದೆ. 'ಚಪ್ಪಡಿ' ಇನ್ನೂ ಚಪ್ಪಟೆ. ಉತ್ತರ ಕರ್ನಾಟಕದ 'ಫರಸಿ' ಮನೆಯ ನೆಲದ ನುಣುಪಿನ ಮಾತು, ಶಹಾಬಾದಿ ಫರಸಿ ಅಂತೀವಲ್ಲ. 'ಜಲ್ಲಿ' ಅಂದರೆ ಒಡೆದ ಸಣ್ಣ ಕಲ್ಲು, ಅದು ಕಾಲಿಗೆ ಸರಿಯುತ್ತದೆ, ಇವು ಸರಿಯುವುದಿಲ್ಲ. ಗೋಡೆ ಕಟ್ಟುವ 'ಸೈಜುಗಲ್ಲು' ಆಕಾರದಲ್ಲಿ ಹತ್ತಿರ ಬರುತ್ತದೆ. ಆದರೆ ಅದನ್ನು ಕೇಳಿದವರಿಗೆ ಗೋಡೆ ಕಾಣುತ್ತದೆ, ದಾರಿ ಕಾಣುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಲ್ಲುನೆಲ ನೋಡಿದವರು 'ಅದೇ ತರ ಅಲ್ವಾ' ಎನ್ನಬಹುದು. ಅಲ್ಲಿ ಕಲ್ಲುಗಳನ್ನು ಒತ್ತೊತ್ತಾಗಿ, ಮಟ್ಟವಾಗಿ ಕೂರಿಸಿದ್ದಾರೆ. ರೂಬೆಯ ದಾರಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನನ್ನ ಮೈಗೆ ಗೊತ್ತಿರುವ ಪದ ಒಂದಿದೆ: 'ಸೋಲಿಂಗ್'. ಮಲೆನಾಡಿನ ನಮ್ಮ ಊರಿನ ರಸ್ತೆಗೆ ದಪ್ಪ ಕಲ್ಲು ತುಂಬಿಸಿ, ಟಾರು ಹಾಕದೆ ಎರಡು ಮಳೆಗಾಲ ಹಾಗೇ ಬಿಟ್ಟಿದ್ದರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ದಿನಾ ಅದರ ಮೇಲೇ ಸೈಕಲ್. ಮನೆ ಮುಟ್ಟಿದ ಮೇಲೂ ಅಂಗೈ ಜುಮ್ಮೆನ್ನುತ್ತಿತ್ತು. ಟಿವಿಯಲ್ಲಿ ಈ ರೇಸಿನ ಅರಾನ್‌ಬರ್ಗ್ ಕಾಡಿನ ದಾರಿ ನೋಡಿದ ಮೊದಲ ಸಲ ನನಗೆ ಆ ಜುಮ್ಮು ನೆನಪಾಯಿತು. ಹಾಗಂತ 'ಸೋಲಿಂಗ್ ದಾರಿ' ಎಂದು ಬರೆಯಲಾರೆ. ಸೋಲಿಂಗ್ ಅಂದರೆ ಅರ್ಧ ಕೆಲಸ, ಮೇಲೆ ಇನ್ನೇನೋ ಬರಬೇಕು. ಪಾವೆ ಹಾಗಲ್ಲ, ಅದೇ ಪೂರ್ತಿಯಾದ ರಸ್ತೆ. ಅಷ್ಟೇ ಅಲ್ಲ, ಜನ ಅದನ್ನು ಕಾಪಾಡಿಕೊಂಡು ಬರುತ್ತಾರೆ. ರೇಸಿನ ಅಭಿಮಾನಿಗಳ ಒಂದು ಸಂಘವಿದೆ. ಅವರು ಸಡಿಲವಾದ ಕಲ್ಲುಗಳನ್ನು ಕೈಯಾರೆ ಕಿತ್ತು ಮತ್ತೆ ಕೂರಿಸುತ್ತಾರೆ. 2024ರಲ್ಲಿ ಅರಾನ್‌ಬರ್ಗ್ ದಾರಿಯ ಸಂದುಗಳಲ್ಲಿ ಬೆಳೆದ ಹುಲ್ಲನ್ನು ಮೇಯಲು ಮೇಕೆಗಳನ್ನೇ ಬಿಟ್ಟಿದ್ದರು. ಗೆದ್ದವರಿಗೆ ಕೊಡುವ ಬಹುಮಾನವೂ ಇದೇ ಕಲ್ಲು, ಪೀಠದ ಮೇಲೆ ಕೂರಿಸಿದ್ದು. ಇಷ್ಟು ಅಕ್ಕರೆ ಪಡೆದ ಕಲ್ಲಿಗೆ 'ಸೋಲಿಂಗ್' ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸುಮ್ನೆ 'ಪಾವೆ' ಎಂದೇ ಇಟ್ಟುಕೊಳ್ಳಬಹುದಲ್ಲ ಎಂದು ಇನ್ನೊಬ್ಬ ಗೆಳೆಯರು ಹೇಳಿದರು. ಕಿವಿಗೆ ಅದು ಅಕ್ಕಿ ಅಳೆಯುವ 'ಪಾವು' ಆಗಿಬಿಡುತ್ತದೆ. 'ಪಾವೆಯ ಮೇಲೆ' ಎಂದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ.

ಸದ್ಯಕ್ಕೆ ನಾನು 'ಉಬ್ಬುಗಲ್ಲು' ಎಂದು ಬರೆದಿದ್ದೇನೆ. 'ಉಬ್ಬುಗಲ್ಲಿನ ದಾರಿ', 'ಉಬ್ಬುಗಲ್ಲಿನ ತುಂಡು'. 'ಮುಂದೆ ರಸ್ತೆ ಉಬ್ಬು ಇದೆ' ಎಂಬ ಬೋರ್ಡನ್ನು ಎಲ್ಲರೂ ಓದಿದ್ದೇವೆ, ಹಾಗಾಗಿ ಕುಲುಕಾಟದ ಸೂಚನೆ ತಾನಾಗಿ ಸಿಗುತ್ತದೆ. ಒಂದು ಅಳುಕು ಇದೆ. 'ಉಬ್ಬುಶಿಲ್ಪ' ಓದಿದವರು ಇದನ್ನೂ ಕೆತ್ತಿದ ಕಲ್ಲು ಅಂದುಕೊಂಡಾರೇ? ನಿಮಗೆ ಏನನ್ನಿಸುತ್ತದೆ ಹೇಳಿ.

ಎರಡನೆಯದು 'ಒತ್ತಡ'. ಇದರಲ್ಲಿ ನನಗೆ ಅನುಮಾನವಿಲ್ಲ, ಈ ಪದವನ್ನು ಇಲ್ಲಿ ಬಿಡಬೇಕು. "ಕಡಿಮೆ ಒತ್ತಡದಲ್ಲಿ ರೇಸ್ ಆರಂಭಿಸಿದರು" ಎಂದು ಬರೆದು ನೋಡಿ. ಸವಾರ ನಿರಾಳವಾಗಿದ್ದ ಎಂದೇ ಎಲ್ಲರೂ ಓದುತ್ತಾರೆ. ಹೇಳಬೇಕಾಗಿರುವುದು ಟೈರಿನ ವಿಷಯ. ಪೆಟ್ರೋಲ್ ಬಂಕಿನಲ್ಲಿ ನಾವು ಏನು ಹೇಳುತ್ತೇವೆ? "ಮುಂದೆ ಇಪ್ಪತ್ತೈದು, ಹಿಂದೆ ಮೂವತ್ತೈದು ಹಾಕಿ." ಗಾಳಿ ಎಂಬ ಪದವೂ ಬೇಕಾಗುವುದಿಲ್ಲ. 'ಗಾಳಿ ಇಳಿಸು', 'ಗಾಳಿ ಏರಿಸು', 'ಗಾಳಿ ಬಿಗಿ', 'ಗಾಳಿ ಮೆತ್ತಗೆ' ಇಷ್ಟರಲ್ಲೇ ಈ ರೇಸಿನ ಅರ್ಧ ಕತೆ ಹೇಳಬಹುದು.

ಕತೆ ಇದು. ಹಿಂದೆ ರೇಸ್ ಸೈಕಲ್ಲಿನ ಟೈರು ಸಣ್ಣ, ಗಾಳಿ ಬಿಗಿ. ರೂಬೆಗೆ ಮಾತ್ರ ಸ್ವಲ್ಪ ದಪ್ಪದ್ದು ಹಾಕಿ ಗಾಳಿ ಇಳಿಸುತ್ತಿದ್ದರು. ಗಾಳಿ ಬಿಗಿ ಇದ್ದರೆ ಸೈಕಲ್ ಪ್ರತಿ ಕಲ್ಲಿಗೂ ಎಗರುತ್ತದೆ, ಹಿಡಿತ ತಪ್ಪುತ್ತದೆ. ತೀರಾ ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿದು ಪಂಚರ್. ಈಗ ಟ್ಯೂಬ್ ಇಲ್ಲದ 30, 32 ಮಿ.ಮೀ. ಅಗಲದ ಟೈರುಗಳು ಬಂದಿವೆ. ಹಳೆಯ ಬಿಗಿಯ ಅರ್ಧದಷ್ಟು ಗಾಳಿ ಸಾಕು. ಟಾರು ರಸ್ತೆಗೆ ಒಂದು ಗಾಳಿ, ಕಲ್ಲಿಗೆ ಇನ್ನೊಂದು ಗಾಳಿ ಬೇಕಲ್ಲ, ಅದಕ್ಕೂ ದಾರಿ ಹುಡುಕಿದ್ದಾರೆ. 2023ರಲ್ಲಿ ಒಂದೆರಡು ತಂಡಗಳು ಹ್ಯಾಂಡಲ್ಲಿನ ಗುಂಡಿ ಒತ್ತಿ ಓಟದಲ್ಲೇ ಗಾಳಿ ಇಳಿಸಿ ಏರಿಸುವ ಚಕ್ರ ತಂದವು. 'ಇಳಿಸಿ ಏರಿಸು' ಎಂಬ ಜೋಡಿ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಆದರೆ ಗಾಳಿಯಲ್ಲೇ ಒಂದು ತೊಡಕಿದೆ. "ಅವತ್ತು ಗಾಳಿ ಜಾಸ್ತಿ ಇತ್ತು" ಅಂದರೆ ಟೈರಿನದೋ, ಬಯಲಿನದೋ? ಈ ರೇಸಿನಲ್ಲಿ ಎರಡೂ ಮುಖ್ಯ. ಮುಂದಿನವರ ಹಿಂದೆ ಅಂಟಿಕೊಂಡು ಬೀಸುಗಾಳಿ ತಪ್ಪಿಸಿಕೊಳ್ಳುವುದಕ್ಕೆ 'ಗಾಳಿಮರೆ' ಎಂದು ಬರೆದಿದ್ದೇನೆ, ಇದು ಓದುವವರಿಗೆ ಹಿಡಿಸಿದೆ. ಗಾಳಿ ಸೀಳಿಕೊಂಡು ಹೋಗಲೆಂದೇ ಮಾಡಿದ ಸೈಕಲ್ಲಿಗೆ ಏನೆನ್ನಬೇಕು? 'ಗಾಳಿಸೀಳು ಸೈಕಲ್' ನನಗೆ ಒಪ್ಪಿಗೆಯಾಗಿಲ್ಲ. ಮೊದಲು ರೂಬೆಗೆ ಅಂತಲೇ ಮೆತ್ತನೆಯ ಓಟದ ಸೈಕಲ್ ತರುತ್ತಿದ್ದರು. ಟೈರು ಅಗಲವಾದ ಮೇಲೆ ಕುಲುಕಾಟವನ್ನು ಅದೇ ತಾಳಿಕೊಳ್ಳುತ್ತದೆ. ಅದಕ್ಕೇ ಈಗ ಜಾಸ್ತಿ ಜನ ಗಾಳಿ ಸೀಳುವ ಸೈಕಲ್ಲನ್ನೇ ತರುತ್ತಾರೆ. ವೇಗ ಏರಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಲೆಕ್ಕ. 2024ರಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಗೆದ್ದಾಗ ಸರಾಸರಿ ವೇಗ ಗಂಟೆಗೆ 47 ಕಿ.ಮೀ. ದಾಟಿತ್ತು.

'ಶಾಕ್ ಅಬ್ಸಾರ್ಬರ್' ಹಾಗೇ ಇರಲಿ, ಬೈಕಿನಿಂದ ಎಲ್ಲರಿಗೂ ಗೊತ್ತು. 1992 ಮತ್ತು 1993ರಲ್ಲಿ ಜಿಲ್ಬೇರ್ ದ್ಯೂಕ್ಲೊ ಲಾಸಾಲ್ ಮುಂದಿನ ಫೋರ್ಕಿನಲ್ಲಿ ಅದನ್ನು ಹಾಕಿಸಿಕೊಂಡೇ ಗೆದ್ದರು. 1994ರಲ್ಲಿ ಯೋಹಾನ್ ಮುಸ್ಯೂ ಮುಂದೆ ಹಿಂದೆ ಎರಡೂ ಕಡೆ ಇದ್ದ ಸೈಕಲ್ ತಂದರು, ಅದು ಕೈಕೊಟ್ಟಿತು. 'ಕೈಕೊಟ್ಟಿತು' ಎಂಬ ಮಾತು ಈ ರೇಸಿನ ಬಗ್ಗೆ ಬರೆಯುವಾಗ ಮತ್ತೆ ಮತ್ತೆ ಬೇಕಾಗುತ್ತದೆ. 2006ರಲ್ಲಿ ಜಾರ್ಜ್ ಹಿನ್‌ಕಪಿ ಮುಂಚೂಣಿಯಲ್ಲಿದ್ದಾಗ ಫೋರ್ಕಿನ ಮೇಲಿನ ಕೊಳವೆಯೇ ಮುರಿದು, ಹ್ಯಾಂಡಲ್ ಕೈಗೆ ಬಂದು ಬಿದ್ದರು. 2023ರಲ್ಲಿ ವೌಟ್ ವಾನ್ ಆರ್ಟ್ ಗೆಲುವಿಗೆ ಹತ್ತಿರವಿದ್ದಾಗ ಕಾರ್‌ಫೂರ್ ದ ಲಾರ್ಬ್ರ ಎಂಬ ತುಂಡಿನಲ್ಲಿ ಪಂಚರ್ ಆಯಿತು. ಆ ದಿನ ನಾನು ಕೂತಲ್ಲಿಂದ ಎದ್ದುಬಿಟ್ಟಿದ್ದೆ.

ಇನ್ನು ಸವಾರರ ಆಟದ ಬಗ್ಗೆ. ಇಲ್ಲಿ ನನಗೆ ಒಂದು ಕ್ರಿಯಾಪದ ಬೇಕು. ಕಲ್ಲಿನ ಮೇಲೆ ಚೆನ್ನಾಗಿ ಹೋಗುವವರು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಭಾರದ ಗೇರ್ ಹಾಕಿ, ವೇಗ ಬಿಡದೆ, ಮೈ ಸಡಿಲ ಬಿಟ್ಟು ಸಾಗುತ್ತಾರೆ. ನಿಧಾನವಾದಷ್ಟೂ ಪ್ರತಿ ಸಂದೂ ಬಡಿಯುತ್ತದೆ. ಇದಕ್ಕೆ 'ತೇಲು' ಎಂದು ಬರೆದರೆ ನೀರಿನ ಮೇಲೆ ನಿಶ್ಚಿಂತೆಯಿಂದ ಇದ್ದಂತೆ ಕೇಳಿಸುತ್ತದೆ. ಇಲ್ಲಿ ಯಾರೂ ನಿಶ್ಚಿಂತರಲ್ಲ. 2021ರಲ್ಲಿ ಮೊದಲ ಸಲ ಹೆಂಗಸರ ರೇಸ್ ನಡೆಯಿತು. ಲಿಜಿ ಡೇನ್ಯನ್ ಸುಮಾರು 80 ಕಿ.ಮೀ. ಒಬ್ಬರೇ ಮುಂದೆ ಹೋಗಿ ಗೆದ್ದರು. ಕೈಗವಸು ಹಾಕಿರಲಿಲ್ಲ, ಹ್ಯಾಂಡಲ್ ಟೇಪಿನ ಮೇಲೆಲ್ಲ ರಕ್ತ. ಆ ಓಟವನ್ನು 'ತೇಲಿದರು' ಎಂದು ಹೇಗೆ ಬರೆಯಲಿ? 'ಹಗುರಕ್ಕೆ ಹಾಯ್ದರು' ಎಂದು ಬರೆದು ಇಟ್ಟಿದ್ದೇನೆ. 'ಹಾಯು'ವಿನಲ್ಲಿ ಹೊಳೆ ದಾಟುವ, ಕಷ್ಟ ದಾಟುವ ದನಿ ಇದೆ. ಆದರೆ ಎಗರಿ ಎಗರಿ ಹೋಗುವ ಚುರುಕು ಅದರಲ್ಲಿ ಸಿಗುತ್ತಿಲ್ಲ.

2025ರ ರೇಸನ್ನು ಈ ಪದಗಳಲ್ಲೇ ಹೇಳಿ ನೋಡಿದೆ. ತಾದೆಯ್ ಪೊಗಾಚರ್ ಮೊದಲ ಸಲ ಬಂದಿದ್ದರು. ವಾನ್ ಡರ್ ಪೂಲ್ ಜೊತೆ ಇಬ್ಬರೇ ಮುಂದೆ. ಇನ್ನು 38 ಕಿ.ಮೀ. ಇದೆ ಎನ್ನುವಾಗ ಒಂದು ತಿರುವಿನಲ್ಲಿ ವೇಗದ ಅಂದಾಜು ತಪ್ಪಿ ಪೊಗಾಚರ್ ಬಿದ್ದರು. ಮುಂದೆ ವಾನ್ ಡರ್ ಪೂಲ್‌ಗೂ ಪಂಚರ್ ಆಯಿತು. ಸೈಕಲ್ ಬದಲಿಸಿ, ಆದರೂ ಒಂದು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರು. ಸತತ ಮೂರನೇ ಗೆಲುವು. 'ಉಬ್ಬುಗಲ್ಲು', 'ಗಾಳಿಮರೆ', 'ಹಾಯ್ದರು' ಎಲ್ಲವೂ ಈ ವರದಿಯಲ್ಲಿ ಸಲೀಸಾಗಿ ಕೂತವು. ಗುಂಪಿನ ಆ ಹಿರಿಯರು ಈ ಸಲ ಗಾಳಿ ಯಾಕೆ ಇಳಿಸಬೇಕು ಎಂದು ಕೇಳಲಿಲ್ಲ. ಎಷ್ಟು ಇಳಿಸುತ್ತಾರೆ ಎಂದು ಕೇಳಿದರು.

ಉಳಿದದ್ದು ದಾರಿಯ ನಡುವೆ ಎದ್ದಿರುವ ಆ ಭಾಗ. ಸವಾರರೆಲ್ಲ ಅದರ ಮೇಲೇ ಹೋಗಲು ನೋಡುತ್ತಾರೆ, ಏಕೆಂದರೆ ಪಕ್ಕದ ಜಾಡಿನಲ್ಲಿ ಕಲ್ಲು ಕೆಟ್ಟಿರುತ್ತದೆ. ನಾನು 'ದಾರಿಯ ಬೆನ್ನು' ಎಂದಿದ್ದೇನೆ. ಎತ್ತಿನ ಗಾಡಿ ಹೊಡೆದವರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಕೇಳಿ. ಎರಡು ಚಕ್ರದ ಜಾಡಿನ ನಡುವೆ ಎದ್ದು ಉಳಿಯುವ ಮಣ್ಣಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ? ಕಲ್ಲುಕೆಲಸದವರ ಮಾತಿನಲ್ಲಿ ಸಂದು ಬಿಟ್ಟು ಕೂರಿಸಿದ ಕಲ್ಲಿಗೆ ಬೇರೆ ಹೆಸರಿದ್ದರೆ ಅದನ್ನೂ, ಯಾವ ಊರಿನ ಕಡೆಯ ಮಾತು ಎಂಬುದನ್ನೂ ಬರೆಯಿರಿ. ನನ್ನ 'ಉಬ್ಬುಗಲ್ಲ'ನ್ನು ಬದಲಿಸಲು ತಯಾರಿದ್ದೇನೆ.