ಮನೆ ಪ್ಲಾನ್ ಹಾಕುವವನು ಕುರ್ಚಿ ಮಾಡಲು ಹೊರಟರೆ ಹಿಂಗೇ ಆಗೋದಾ?

ಸೇಡಂ ರೋಡ್:
ಕಲಬುರಗಿಯಲ್ಲಿ ಒಂಬತ್ತು ವರ್ಷದಿಂದ ಆರ್ಕಿಟೆಕ್ಟ್ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ಒಂದು ಮನೆಯಲ್ಲಿ ನೆಲಕ್ಕೆ ಹಾಕಿ ಉಳಿದ ಶಹಾಬಾದ್ ಫರಸಿ ಕಲ್ಲಿನಿಂದ ಟೀಪಾಯ್ ಮಾಡಿಕೊಟ್ಟೆ, ಕೆಳಗೆ ಸಾಗವಾನಿ ಕಾಲು. ನೋಡಿದವರೆಲ್ಲ ನಮಗೂ ಬೇಕು ಅಂದರು. ಅದೇ ಧೈರ್ಯದಲ್ಲಿ ಆರು ಕುರ್ಚಿ ಮಾಡಿಸಿ ಮಾರಿದೆ. ಜನವರಿಯಲ್ಲಿ ಕೂದಲು ತೂರದಷ್ಟು ಬಿಗಿಯಾಗಿದ್ದ ಜೋಡಣೆ ಏಪ್ರಿಲ್ ಬಿಸಿಲಿಗೆ ಉಗುರು ಹೋಗುವಷ್ಟು ಬಾಯಿ ಬಿಟ್ಟಿತು. ನಾಲ್ಕು ವಾಪಸ್ ಬಂದಿವೆ. ಮನೆಯಲ್ಲಿ ತಪ್ಪಾದರೆ ಯಾರೂ ಹೊತ್ತು ತಂದು ಆಫೀಸಿನಲ್ಲಿ ಇಡಲ್ಲ, ಅಲ್ವಾ? ಮುಂದುವರಿಸಲಾ, ಸುಮ್ನೆ ಪ್ಲಾನ್ ಹಾಕಿಕೊಂಡು ಇರಲಾ?

ಉಳಿ ಬಾಚಿ:
ಸರ್, ನಮ್ಮದು ಅಜ್ಜನ ಕಾಲದಿಂದ ಬಡಿಗತನ. ಇದು ಹಸಿ ಮರದ ಕೆಲಸ. ಕಟ್ಟಿಗೆ ಅಡ್ಡಾದಿಂದ ತಂದ ವಾರಕ್ಕೇ ಕೂಡಿಸಿದ್ದಾರೆ ಅನಿಸುತ್ತದೆ. ಹಲಗೆಗಳ ನಡುವೆ ಪಟ್ಟಿ ಇಟ್ಟು ನೆರಳಲ್ಲಿ ಗಾಳಿಗೆ ಬಿಡಬೇಕು, ಒಂದು ಇಂಚು ದಪ್ಪಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಈಗ ಮೊಳೆ ಹೊಡೆದು ಬಿಗಿ ಮಾಡಲು ಮಾತ್ರ ಹೋಗಬೇಡಿ, ಸೀಳುತ್ತದೆ. ಇನ್ನೊಂದು, ಬೇಜಾರಾಗಬೇಡಿ. ನೀವು ಕಾಗದದ ಮೇಲೆ ಕಾಲು ತೆಳ್ಳಗೆ ಬರೆಯುತ್ತೀರಿ, ನಮ್ಮ ಜನ ಊಟ ಆದಮೇಲೆ ಹಿಂದಿನ ಎರಡೇ ಕಾಲ ಮೇಲೆ ತೂಗುತ್ತಾರೆ.

ಬೀದರ್ ಕಡೆಯವ:
ಬಿಡಬೇಡಿ ಸರ್. ಫಿನ್ಲೆಂಡಿನ ಆರ್ಕಿಟೆಕ್ಟ್ ಆಲ್ವಾರ್ ಆಲ್ಟೊ 1933ರಲ್ಲಿ ಮಾಡಿದ ಮೂರು ಕಾಲಿನ ಸ್ಟೂಲ್ ಇವತ್ತಿಗೂ ಮಾರಾಟದಲ್ಲಿದೆ. ಅವರು ಗಟ್ಟಿಯಾಗಿ ಹಿಡಿದದ್ದು ಒಂದೇ ವಿಷಯ, ಅವರ ನಾಡಿನ ಬರ್ಚ್ ಮರವನ್ನು ಬಗ್ಗಿಸಿ ಮಾಡಿದ ಕಾಲು. ಅದನ್ನೇ ಟೇಬಲ್ಲಿಗೂ ಕುರ್ಚಿಗೂ ಹಾಕಿದರು. ಮಾರಾಟಕ್ಕೆ 1935ರಲ್ಲಿ ಆರ್ಟೆಕ್ ಅಂತ ಬೇರೆ ಕಂಪನಿಯೇ ಮಾಡಿಕೊಂಡರು, ಹೆಂಡತಿ ಐನೋ ಕೂಡ ಜೊತೆಗಿದ್ದರು. ನೀವೂ ಮೊದಲು ಒಂದು ಕಾಲು ಸರಿ ಮಾಡಿ. ಹಾಂ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ನಮ್ಮೂರಿನ ಬಿದ್ರಿ ಪಟ್ಟಿಯನ್ನು ಕುರ್ಚಿ ಕೈಗೆ ಕೂರಿಸುವ ಯೋಚನೆ ಬಂದರೆ ಬೇಡ. ದಿನಾ ಬೆವರಿದ ಕೈ ಉಜ್ಜಿದರೆ ಆ ಕಪ್ಪು ಮಾಸುತ್ತದೆ.

ಉಳಿ ಬಾಚಿ:
ಫರಸಿ ಟೀಪಾಯ್ ಬೆಂಗಳೂರಿಗೆ ಕಳಿಸುವ ಆಸೆ ಇದ್ದರೆ ತೂಕ ನೋಡಿ. ನಾಲ್ಕಡಿ, ಎರಡಡಿ, ಒಂದಿಂಚು ದಪ್ಪ ಅಂದರೆ 50 ಕಿಲೋ ಹತ್ತಿರ. ಅದು ಸುಣ್ಣದ ಕಲ್ಲು ಬೇರೆ, ನಿಂಬೆ ಶರಬತ್ತು ಚೆಲ್ಲಿದರೆ ಕಲೆ ಕೂರುತ್ತದೆ.

ಸೇಡಂ ರೋಡ್:
ಶರಬತ್ತಿನ ಕಲೆ ಆಗಲೇ ಬಿದ್ದಿದೆ, ಅದರ ಮೇಲೆ ಹೂದಾನಿ ಇಟ್ಟಿದ್ದಾರಂತೆ! ವಾಪಸ್ ಬಂದ ನಾಲ್ಕನ್ನೂ ಬಿಚ್ಚಿದೆ. ಹೊಸ ಹಲಗೆಗೆ ಪಟ್ಟಿ ಇಟ್ಟು ಆಫೀಸಿನ ಹಿಂದೆ ಜೋಡಿಸಿದ್ದೇನೆ. ಅಣ್ಣಾ, ಒಂದು ಭಾನುವಾರ ಬಂದು ಆ ಕಾಲಿನ ದಪ್ಪ ನೋಡಿ ಹೇಳುತ್ತೀರಾ?