ಸಯನೊಬ್ಯಾಕ್ಟೀರಿಯದ ಸಾರಜನಕ ಗ್ರಹಿಕೆ: ಪಿಎಚ್‌.ಡಿ.ಗೆ ಈ ವಿಷಯ ಹಿಡಿಯಬಹುದೇ?

ತೀರ್ಥಹಳ್ಳಿಯಿಂದ: ಎಂ.ಎಸ್ಸಿ. ಮುಗಿಸಿರುವ ನನಗೆ, ಸಯನೊಬ್ಯಾಕ್ಟೀರಿಯಗಳು (ನೀಲಿ-ಹಸಿರು ಪಾಚಿ ಎನ್ನುವ, ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಗಳು) ಸಾರಜನಕದ ಕೊರತೆಯನ್ನು ಹೇಗೆ ಗ್ರಹಿಸುತ್ತವೆ ಎಂಬ ವಿಷಯವನ್ನು ಮಾರ್ಗದರ್ಶಕರು ಸೂಚಿಸಿದ್ದಾರೆ. ಫೆಲೋಶಿಪ್ ಖಚಿತವಾಗಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಾಗರದಿಂದ: ಸಿನೆಕೊಸಿಸ್ಟಿಸ್ 6803 ಎಂಬ ಏಕಕೋಶ ಸಯನೊಬ್ಯಾಕ್ಟೀರಿಯದ ತಳಿಯಲ್ಲಿ ಒಂದೇ ಒಂದು ಜೀನನ್ನು ಕೆಡಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕೋಶವೊಂದರಲ್ಲಿ ಕ್ರೋಮೋಸೋಮಿನ ಹಲವು ಪ್ರತಿಗಳಿರುವುದರಿಂದ, ಕೆಡಿಸಿದ ಪ್ರತಿಗಳಷ್ಟೇ ಉಳಿಯುವಂತೆ ಕ್ಯಾನಮೈಸಿನ್ ಎಂಬ ಪ್ರತಿಜೀವಕವನ್ನು ಏರಿಸುತ್ತಾ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತಲೇ ಇರಬೇಕು. ಪ್ರತಿ ಸಲವೂ ಕಾಲೊನಿ ಮೂಡಲು ಹತ್ತು ಹದಿನೈದು ದಿನ ಕಾಯಬೇಕು. ಏಳನೆಯ ಸಲವೂ ಜೆಲ್‌ನಲ್ಲಿ ಮೂಲ ಜೀನಿನ ಪಟ್ಟಿ ಮಸುಕಾಗಿ ಇಣುಕಿದಾಗ ಕತ್ತಲ ಕೋಣೆಯಲ್ಲೇ ಕುಳಿತು ಅತ್ತಿದ್ದೇನೆ. ಆಷಾಢದಲ್ಲಿ ಮೂರು ದಿನ ಕರೆಂಟು ಹೋದ ಮೇಲೆ ಕೈಯಿಂದ ₹18,500 ಹಾಕಿ ಇನ್ವರ್ಟರ್ ತಂದೆ. ಆ ಬಿಲ್ಲು ಇಂದಿಗೂ ಮಂಜೂರಾಗಿಲ್ಲ.

ಹೊಸನಗರದಿಂದ: ಕಾಲಬುಡದ ಗದ್ದೆಯನ್ನು ಬಿಟ್ಟು 6803ರಂಥ ಪ್ಯಾರಿಸ್ ಸಂಗ್ರಹದ ತಳಿಯ ಹಿಂದೆ ಹೋದರೆ ಹೀಗೇ ಆಗುವುದು. ಭತ್ತದ ಗದ್ದೆಯಲ್ಲಿ ಸಯನೊಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆಂದು ಪಿ. ಕೆ. ಡೇ ಅವರು 1939ರಲ್ಲೇ ತೋರಿಸಿದ್ದರು. ನಾನು ಅಪ್ಪನ ಗದ್ದೆಯ ನೀರಿನಿಂದಲೇ ಅನಬೀನ ಎಂಬ, ಕೋಶಗಳು ಸರದಂತೆ ಪೋಣಿಸಿಕೊಂಡಿರುವ ಸಯನೊಬ್ಯಾಕ್ಟೀರಿಯವನ್ನು ಬೇರ್ಪಡಿಸಿದೆ. ಅದರ ಲೋಳೆಗೆ ಅಂಟಿಕೊಂಡ ಬೇರೆ ಬ್ಯಾಕ್ಟೀರಿಯಗಳನ್ನು ಕಳಚಲು ಎರಡು ಮಳೆಗಾಲ ಹೋದವು, ನಿಜ. ಆದರೆ ಸಾರಜನಕವಿಲ್ಲದ ಮಾಧ್ಯಮಕ್ಕೆ ಹಾಕಿದ ಮರುದಿನ, ಸರದಲ್ಲಿ ಹತ್ತಿಪ್ಪತ್ತು ಕೋಶಗಳಿಗೊಂದರಂತೆ ದಪ್ಪ ಗೋಡೆಯ ಪೇಲವ ಹೆಟಿರೊಸಿಸ್ಟ್‌ಗಳನ್ನು (ಸಾರಜನಕ ಸ್ಥಿರೀಕರಿಸುವ ಕೋಶಗಳನ್ನು) ಕಂಡಾಗ ಎಲ್ಲವೂ ಮರೆತುಹೋಯಿತು.

ಸಾಗರದಿಂದ: ಹೆಟಿರೊಸಿಸ್ಟ್ ಎಣಿಸಿದರೆ ಗ್ರಹಿಕೆಯನ್ನು ಅಭ್ಯಸಿಸಿದಂತಾಗದು, ಅದು ಗ್ರಹಿಕೆಯ ಫಲ. ಸಾರಜನಕ ತೀರಿದಾಗ ಒಳಗೆ ಜಮೆಯಾಗುವ 2-ಆಕ್ಸೊಗ್ಲುಟರೇಟ್ ಎಂಬ ಇಂಗಾಲದ ಸಂಯುಕ್ತವನ್ನು ಪಿ-ಎರಡು ಮತ್ತು ಎನ್‌ಟಿಸಿಎ ಪ್ರೋಟೀನುಗಳು ಹಿಡಿಯುತ್ತವೆ. ಅಲ್ಲಿಂದ ವಿಷಯ ಆರಂಭ. ಲೋಳೆಯ ಬಾಡಿಗೆದಾರರನ್ನು ಇಟ್ಟುಕೊಂಡು ನೀವು ಯಾರ ಆಕ್ಸೊಗ್ಲುಟರೇಟ್ ಅಳೆದಿರಿ?

ಹೊಸನಗರದಿಂದ: ಕಳಚಿದೆನೆಂದು ಸ್ಪಷ್ಟವಾಗಿ ಬರೆದಿದ್ದೇನೆ. ಜೆಲ್ ಓದುವ ಗಮನದಿಂದಲೇ ಬರಹವನ್ನೂ ಓದಬೇಕು.

ಕೊಪ್ಪದಿಂದ: ನಾನು ಮೂರನೆಯ ವರ್ಷ ಬಿಟ್ಟು ಈಗ ಅಡಿಕೆ ನೋಡಿಕೊಳ್ಳುತ್ತಿದ್ದೇನೆ. 6803ಕ್ಕೆ ಸಾರಜನಕ ತಪ್ಪಿಸಿದರೆ ಅದು ಬೆಳಕು ಹಿಡಿಯುವ ತನ್ನ ಬಣ್ಣದ ಪ್ರೋಟೀನು ಗುಚ್ಛಗಳಾದ ಫೈಕೊಬಿಲಿಸೋಮ್‌ಗಳನ್ನೇ ಕಡಿದು ಬಳಸಿಕೊಂಡು ಹಳದಿಗೆ ತಿರುಗಬೇಕು. ನನ್ನ ಫ್ಲಾಸ್ಕ್‌ಗಳು ಒಂದೊಂದು ಒಂದೊಂದು ದಿನ ತಿರುಗುತ್ತಿದ್ದವು, ಐದು ತಿಂಗಳು ಜೀನಿನ ಮೇಲೆಯೇ ಅನುಮಾನಪಟ್ಟೆ. ಇವನ್ನು ಬೆಳೆಸುವ ಬಿಜಿ-11 ಮಾಧ್ಯಮದಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ. ಕೋಶಗಳನ್ನು ಒಂದೇ ಸಲ ತೊಳೆಯುತ್ತಿದ್ದ ನಾನು, ತಳದಲ್ಲಿ ಉಳಿದ ಅರ್ಧ ಮಿಲಿಲೀಟರಿನಲ್ಲೇ ಅವಕ್ಕೆ ಊಟ ಕಟ್ಟಿ ಕಳುಹಿಸುತ್ತಿದ್ದೆ. ಅಂದಹಾಗೆ, ಸಾಗರದವರಿಗೆ ಇನ್ವರ್ಟರ್ ಬೇಕಿರಲಿಲ್ಲ. ಮೂರು ದಿನದ ಕತ್ತಲೆಗೆ 6803 ಸಾಯುವುದಿಲ್ಲ.

ತೀರ್ಥಹಳ್ಳಿಯಿಂದ: ಫೆಲೋಶಿಪ್ ಇಲ್ಲದೆ ಸೇರಬಹುದೇ ಎಂದು ಯಾರಾದರೂ ಹೇಳಬಹುದೇ?

ಸಾಗರದಿಂದ: ಸಾಯುವುದಿಲ್ಲವೆಂದು ನನಗೂ ಗೊತ್ತು, ಕೊಪ್ಪದವರೇ. ಆದರೆ ಕೂಡಿಟ್ಟ ಗ್ಲೈಕೊಜನ್ (ಸಕ್ಕರೆಯ ದಾಸ್ತಾನು) ಕತ್ತಲಲ್ಲಿ ಕರಗಿ, ಕೋಶದೊಳಗಿನ ಇಂಗಾಲ–ಸಾರಜನಕದ ಲೆಕ್ಕವೇ ಏರುಪೇರಾದ ಮೇಲೆ, ಅದೇ ಲೆಕ್ಕವನ್ನು ಅಳೆಯಬೇಕಾದ ನಾನು ಯಾವ ಮುಖ ಹೊತ್ತು ಅಳೆಯಲಿ? ₹18,500 ಕೊಟ್ಟದ್ದು ಅದಕ್ಕೆ.